ಕಾಫ್ಕಾ ಮನೆ ಜಾಗದಲ್ಲಿ ಎದ್ದ ಹೋಟೆಲ್: ಕೆಡವಬೇಕಾ, ರಿಪೇರಿ ಮಾಡಬೇಕಾ?

ಈ ಎಪಿಸೋಡ್ ಕೇಳೋಕೆ ಮುಂಚೆ ಒಂದು ಸಣ್ಣ ಕೆಲಸ ಮಾಡಿ. ಫೋನ್‌ನಲ್ಲಿ ಮ್ಯಾಪ್ ತೆಗೆದು ಪ್ರಾಗ್ ಅಂತ ಹುಡುಕಿ. ಜೆಕ್ ದೇಶದ ರಾಜಧಾನಿ. ಊರಿನ ಮಧ್ಯೆ ವ್ಲತಾವಾ ಅನ್ನೋ ನದಿ ಬಳುಕಿಕೊಂಡು ಹೋಗತ್ತೆ. ಅದು ತಿರುಗೋ ಜಾಗದಲ್ಲಿ, ಬಲದಂಡೆಗೆ, ಹಳೇ ಪಟ್ಟಣ ಇದೆ. ಅಲ್ಲಿನ ದೊಡ್ಡ ಚೌಕದಿಂದ ಉತ್ತರಕ್ಕೆ ಒಂದು ನೇರವಾದ ರಸ್ತೆ ಹೊರಡತ್ತೆ. ಹೆಸರು ಪಾರ್ಝಿಸ್ಕಾ, ಅಂದ್ರೆ ಪ್ಯಾರಿಸ್ ರಸ್ತೆ. ಹತ್ತು ನಿಮಿಷವೂ ನಡೆಯಬೇಕಿಲ್ಲ, ರಸ್ತೆ ನದಿ ಹತ್ರ ಬಂದು ಮುಗಿಯತ್ತೆ. ಆ ತುದಿಯಲ್ಲಿ ಸ್ಟ್ರೀಟ್ ವ್ಯೂ ಹಾಕಿ ನೋಡಿ. ಅಲ್ಲೀವರೆಗೂ ಸಿಕ್ಕಿದ್ದೆಲ್ಲ ಗೋಪುರ, ಕೆತ್ತನೆ, ಬಾಲ್ಕನಿ. ತಟ್ಟನೆ ಎದುರಿಗೆ ಕಾಂಕ್ರೀಟಿನ ದೊಡ್ಡ ದೇಹವೊಂದು ಕೂತಿರತ್ತೆ.

ಅದೊಂದು ಹೋಟೆಲ್. 1974ರಲ್ಲಿ ಶುರುವಾದಾಗ ಹೆಸರು ಇಂಟರ್‌ಕಾಂಟಿನೆಂಟಲ್. ಮೊದಲ ಸಲ ಫೋಟೋ ನೋಡಿದಾಗ ನನಗೂ ಅನ್ನಿಸಿದ್ದು ಅದೇ: ಇಷ್ಟು ಚಂದದ ಊರಲ್ಲಿ ಇದನ್ನ ಯಾರಪ್ಪ ಕಟ್ಟಿದ್ದು? 'ಜಗತ್ತಿನ ಕೆಟ್ಟ ಕಟ್ಟಡಗಳು' ಅಂತ ಒಂದು ತಮಾಷೆ ಎಪಿಸೋಡ್ ಮಾಡೋಣ ಅಂತ ಓದೋಕೆ ಕೂತೆ. ಆ ಎಪಿಸೋಡ್ ಆಗಲಿಲ್ಲ. ಇದಾಯ್ತು.

ನಾನು ಪ್ರಾಗ್‌ಗೆ ಹೋಗಿಲ್ಲ. ಹೋದರೂ ಈ ಹೋಟೆಲ್‌ನಲ್ಲಿ ಉಳಿಯೋ ಯೋಗ್ಯತೆ ನನ್ನ ಬ್ಯಾಂಕ್ ಅಕೌಂಟಿಗಿಲ್ಲ. ಆದ್ರೂ ಈ ಕಥೆ ಬಿಡದೆ ಹಿಡ್ಕೊಂಡಿದ್ದಕ್ಕೆ ಕಾರಣ ನಮ್ಮ ಸೋದರಮಾವ. ಅವರು ಇಪ್ಪತ್ತೆರಡು ವರ್ಷ ಬಸ್‌ಸ್ಟ್ಯಾಂಡ್ ಹತ್ರದ ಒಂದು ಲಾಡ್ಜ್‌ನಲ್ಲಿ ಕ್ಯಾಶಿಯರ್ ಆಗಿದ್ರು. ಮೊಸಾಯಿಕ್ ನೆಲ, ಹಸಿರು ಬಾಗಿಲು, ಕೌಂಟರಿನ ಹಿಂದೆ ಬೀಗದ ಕೈ ನೇತುಹಾಕೋ ಹಲಗೆ. ನಾನು ಬಿ.ಕಾಂ. ಎರಡನೇ ವರ್ಷದಲ್ಲಿದ್ದಾಗ ಅದನ್ನ ಕೆಡವಿದರು. 'ಬಿಲ್ಡಿಂಗ್ ಹಳೇದಾಗಿತ್ತಾ ಮಾವ?' ಅಂತ ಕೇಳಿದ್ದಕ್ಕೆ ಅವರು ಹೇಳಿದ್ದು: 'ಬಿಲ್ಡಿಂಗ್ ಹಳೇದಾಯ್ತು ಅಂತಲ್ಲ ಕಣೋ, ಜಾಗ ದುಬಾರಿ ಆಯ್ತು ಅಂತ ಕೆಡವಿದ್ರು.' ಈ ಮಾತನ್ನ ತಲೇಲಿ ಇಟ್ಕೊಂಡಿರಿ, ಮತ್ತೆ ಬರತ್ತೆ.

ಈಗ ಪ್ರಾಗ್. ಹೋಟೆಲ್ ಕಥೆ ಶುರುವಾಗೋದು 1974ರಲ್ಲಿ ಅಲ್ಲ, 1893ರಲ್ಲಿ.

ಆ ಪ್ಯಾರಿಸ್ ರಸ್ತೆ ಇದೆಯಲ್ಲ, ಆಗ ಅದು ಇರಲೇ ಇಲ್ಲ. ಅಲ್ಲಿದ್ದದ್ದು ಯೋಸೆಫೋವ್, ಪ್ರಾಗ್‌ನ ಯಹೂದಿಗಳ ಕೇರಿ. ಶತಮಾನಗಳಿಂದ ಯಹೂದಿಗಳನ್ನ ಅಲ್ಲೇ ಇರಬೇಕು ಅಂತ ಕೂಡಿಹಾಕಿದ್ದ ಜಾಗ. ಹತ್ತೊಂಬತ್ತನೇ ಶತಮಾನದಲ್ಲಿ ಆ ಕಟ್ಟಳೆ ಹೋಯ್ತು, ಅನುಕೂಲ ಇದ್ದೋರು ಬೇರೆ ಬಡಾವಣೆಗೆ ಹೋದರು, ಯಾವ ಜಾತಿ ಧರ್ಮದವರಾದ್ರೂ ಸರಿ, ಬಡವರು ಅಲ್ಲಿ ಬಂದು ತುಂಬ್ಕೊಂಡರು. ಒಂದೊಂದು ಮನೆಯಲ್ಲಿ ಹಲವು ಸಂಸಾರ, ಗಲ್ಲಿ ಕಿರಿದು, ನದಿ ಉಕ್ಕಿದರೆ ಮನೆಯೊಳಗೆ ನೀರು. 1893ರಲ್ಲಿ ಕಾನೂನು ಬಂತು: ಆರೋಗ್ಯದ ದೃಷ್ಟಿಯಿಂದ ಇಡೀ ಪ್ರದೇಶವನ್ನ ಕೆಡವಿ ಹೊಸದಾಗಿ ಕಟ್ಟತಕ್ಕದ್ದು. ಹೊಸ ಮನೆ ಕಟ್ಟೋರಿಗೆ ತೆರಿಗೆ ವಿನಾಯಿತಿ ಬೇರೆ. ಕಾಮರ್ಸ್ ಓದಿದವನಿಗೆ ಇಲ್ಲೇ ಮೂಗಿಗೆ ವಾಸನೆ ಬಡಿಯತ್ತೆ. ಕೊಳಕು ಇದ್ದಿದ್ದು ನಿಜ, ಕಾಯಿಲೆ ಇದ್ದಿದ್ದೂ ನಿಜ. ಆದ್ರೆ ಊರಿನ ಮಧ್ಯದ ಜಾಗ, ಅದೂ ನದೀ ದಂಡೆ! ಹೊಸ ಕಟ್ಟಡಗಳ ಬಾಡಿಗೆ ಕಟ್ಟೋಕೆ ಆ ಹಳೇ ಬಡವರಿಗೆ ಆಗತಿತ್ತಾ? ಇಲ್ಲ. ಅವರು ಬೇರೆ ಕಡೆ ಹೋದರು.

ಉಳಿದದ್ದು ಆರು ಸಿನಗಾಗ್‌ಗಳು, ಹಳೇ ಸ್ಮಶಾನ, ಯಹೂದಿ ಪುರಭವನ. ಅದರಲ್ಲಿ ಒಂದು ಸಿನಗಾಗ್ ಹದಿಮೂರನೇ ಶತಮಾನದ್ದು, ಇವತ್ತಿಗೂ ಪ್ರಾರ್ಥನೆ ನಡೆಯತ್ತೆ. ಒಳಗೆ ಹೋಗೋಕೆ ಮೆಟ್ಟಿಲು ಇಳೀಬೇಕು. ಯಾಕಂದ್ರೆ ಹೊಸ ರಸ್ತೆ ಮಾಡುವಾಗ ಪ್ರವಾಹದ ಭಯಕ್ಕೆ ನೆಲವನ್ನೇ ಎತ್ತರಿಸಿಬಿಟ್ರು. ಹಳೇ ಊರಿನ ಮಟ್ಟ ಎಲ್ಲಿತ್ತು ಅಂತ ತಿಳ್ಕೋಬೇಕಾದ್ರೆ ಆ ಮೆಟ್ಟಿಲು ಎಣಿಸಬೇಕು. ವಿಲೇಮ್ ಮರ್ಶ್ಟಿಕ್ ಅನ್ನೋ ಲೇಖಕ 1897ರಲ್ಲಿ ಈ ಕೆಡವಾಟದ ವಿರುದ್ಧ ಒಂದು ಸಿಟ್ಟಿನ ಕರಪತ್ರ ಬರೆದರು, ಹೆಸರು 'ಬೆಸ್ತಿಯಾ ಟ್ರಯಂಫಾನ್ಸ್', ಮೃಗದ ಗೆಲುವು ಅಂತ. ಊರಿನ ಬರಹಗಾರರು, ಕಲಾವಿದರು ಅವರ ಜೊತೆ ನಿಂತರು. ಯೋಸೆಫೋವ್ ಮಾತ್ರ ಉಳೀಲಿಲ್ಲ.

ಹಾಗೆ ಎದ್ದ ಹೊಸ ರಸ್ತೆಯ ನದಿ ತುದಿಯಲ್ಲಿ, 36ನೇ ನಂಬರಿನ ಹೊಸ ಕಟ್ಟಡಕ್ಕೆ 1907ರಲ್ಲಿ ಒಂದು ಸಂಸಾರ ಬಾಡಿಗೆಗೆ ಬಂತು. ಮೇಲಿನ ಮಹಡಿ, ಲಿಫ್ಟ್ ಇತ್ತು, ಕಿಟಕಿಯಿಂದ ನದಿ ಕಾಣತಿತ್ತು, ಆಗಷ್ಟೇ ಏಳ್ತಿದ್ದ ಹೊಸ ಸೇತುವೆ ಕಾಣತಿತ್ತು. ಅಪ್ಪ ಫ್ಯಾನ್ಸಿ ಸಾಮಾನಿನ ವ್ಯಾಪಾರಿ. ಮಗ ಕಾನೂನು ಓದಿ ಮುಂದಿನ ವರ್ಷ ಕಾರ್ಮಿಕರ ಅಪಘಾತ ವಿಮಾ ಕಚೇರಿಯಲ್ಲಿ ಕೆಲಸಕ್ಕೆ ಸೇರಿದ. ಹೆಸರು ಫ್ರಾಂಜ್ ಕಾಫ್ಕಾ.

1912ರ ಸೆಪ್ಟೆಂಬರ್ 22ರ ರಾತ್ರಿ ಹತ್ತಕ್ಕೆ ಕೂತು, ಬೆಳಗ್ಗೆ ಆರಕ್ಕೆ ಎದ್ದ. ಅಷ್ಟರಲ್ಲಿ 'ದಿ ಜಡ್ಜ್‌ಮೆಂಟ್' ಕಥೆ ಪೂರ್ತಿ ಆಗಿತ್ತು. ಅದರ ಕೊನೆಯಲ್ಲಿ ಮಗ ಮನೆಯಿಂದ ಓಡಿ ಸೇತುವೆಯಿಂದ ನದಿಗೆ ಹಾರ್ತಾನೆ. ಆ ಸೇತುವೆ ಮನೆ ಕಿಟಕಿಯ ಎದುರಿಗೇ ಇತ್ತು. ಅದೇ ಚಳಿಗಾಲದಲ್ಲಿ, ಅದೇ ಮನೆಯಲ್ಲಿ, ಬೆಳಗ್ಗೆ ಎದ್ದಾಗ ಹುಳುವಾಗಿಬಿಟ್ಟ ಸೇಲ್ಸ್‌ಮನ್ ಕಥೆ 'ಮೆಟಮಾರ್ಫಸಿಸ್' ಬಂತು. 1913ರಲ್ಲಿ ಸಂಸಾರ ಅಲ್ಲಿಂದ ಹೋಯ್ತು. 1945ರ ಮೇ ತಿಂಗಳಲ್ಲಿ, ಯುದ್ಧ ಮುಗಿಯೋ ಹೊತ್ತಿಗೆ ಪ್ರಾಗ್‌ನಲ್ಲಿ ಜರ್ಮನ್ ಸೈನ್ಯದ ವಿರುದ್ಧ ಜನ ದಂಗೆ ಎದ್ದರಲ್ಲ, ಆ ದಿನಗಳ ಹೊಡೆದಾಟದಲ್ಲಿ ಆ ಕಟ್ಟಡ ಹಾಳಾಯ್ತು. ಆಮೇಲೆ ಎರಡು ದಶಕಕ್ಕೂ ಹೆಚ್ಚು ಕಾಲ ರಸ್ತೆಯ ತುದಿ ಹಲ್ಲು ಕಿತ್ತ ಬಾಯಿ ಥರ ಖಾಲಿ.

ಆ ಖಾಲಿ ಜಾಗದಲ್ಲೇ ನಮ್ಮ ಹೋಟೆಲ್ ಎದ್ದಿದ್ದು.

ಈಗ ಒಂದು ಪ್ರಶ್ನೆ. 1974 ಅಂದ್ರೆ ಅಲ್ಲಿ ಕಮ್ಯುನಿಸ್ಟ್ ಸರ್ಕಾರ. 1968ರಲ್ಲಿ ಸೋವಿಯತ್ ಟ್ಯಾಂಕ್‌ಗಳು ಬಂದು ಸುಧಾರಣೆಯನ್ನೆಲ್ಲ ತುಳಿದು ಆರು ವರ್ಷ ಆಗಿದೆ. ಇಂಟರ್‌ಕಾಂಟಿನೆಂಟಲ್ ಅನ್ನೋದೋ ಪಕ್ಕಾ ಅಮೆರಿಕನ್ ಕಂಪನಿ, 1946ರಲ್ಲಿ ಪ್ಯಾನ್ ಆಮ್ ವಿಮಾನ ಸಂಸ್ಥೆ ಶುರು ಮಾಡಿದ್ದು. ಇವರಿಬ್ಬರಿಗೂ ಹೇಗೆ ಸಂಬಂಧ ಕೂಡಿಬಂತು? ಡಾಲರ್. ಸರ್ಕಾರಕ್ಕೆ ಪಾಶ್ಚಾತ್ಯ ಕರೆನ್ಸಿ ಬೇಕಿತ್ತು, ಪಾಶ್ಚಾತ್ಯ ಪ್ರವಾಸಿಗೆ ಬಿಸಿನೀರು ಸರಿಯಾಗಿ ಬರೋ ರೂಮು ಬೇಕಿತ್ತು. ಬುಡಾಪೆಸ್ಟ್‌ನಲ್ಲಿ 1969ಕ್ಕೆ, ಬುಕಾರೆಸ್ಟ್‌ನಲ್ಲಿ 1971ಕ್ಕೆ ಇದೇ ಬೋರ್ಡಿನ ಹೋಟೆಲ್ ಆಗಲೇ ಬಂದಿದ್ದವು. ಪ್ರಾಗ್ ಹಿಂದೆ ಬೀಳೋಕಾಗತ್ತಾ? ಸಿದ್ಧಾಂತ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂತು.

ನಕ್ಷೆ ಮಾಡಿದ್ದು ಕಾರೆಲ್ ಫಿಲ್ಸಾಕ್ ಮತ್ತು ಅವರ ತಂಡ. ಇವರ ಕೈಕೆಲಸ ನಮ್ಮ ದೇಶದಲ್ಲೂ ಇದೆ: ದೆಹಲಿಯ ಚಾಣಕ್ಯಪುರಿಯಲ್ಲಿ ಆಗಿನ ಜೆಕೊಸ್ಲೊವಾಕಿಯಾ ರಾಯಭಾರ ಕಚೇರಿ ಇವರ ತಂಡದ್ದೇ. ಪ್ರಾಗ್‌ನಲ್ಲಿ ಅವರಿಗಿದ್ದ ಕಷ್ಟ ಏನು ಅಂದ್ರೆ, ಪಕ್ಕದಲ್ಲೇ ಏಳು ಶತಮಾನ ಹಳೇ ಸಿನಗಾಗ್, ಹಿಂದೆ ಗೋಪುರಗಳ ಸಾಲು, ಎದುರಿಗೆ ನದಿ. ಅವರು ಹಳೇ ಕಟ್ಟಡದ ವೇಷ ಹಾಕಲಿಲ್ಲ. ಹಾಗಂತ ಗಾಜಿನ ಪೆಟ್ಟಿಗೇನೂ ಎತ್ತಿ ನಿಲ್ಲಿಸಲಿಲ್ಲ. ದೇಹವನ್ನ ತುಂಡುತುಂಡಾಗಿ ಒಡೆದು ಮೆಟ್ಟಿಲುಮೆಟ್ಟಿಲಾಗಿ ಇಟ್ಟರು, ಕಾಂಕ್ರೀಟನ್ನ ಬರಿಮೈಯಲ್ಲೇ ಬಿಟ್ಟು ಜೊತೆಗೆ ಸೆರಾಮಿಕ್ ಹೊದಿಕೆ ಕೊಟ್ಟರು. ಫೋಟೋನ ಝೂಮ್ ಮಾಡಿ ನೋಡಿದ ಮೇಲೇ ನನಗೆ ಅದು ಕಂಡಿದ್ದು. ದೂರದಿಂದ ಬೂದು ಗುಡ್ಡ, ಹತ್ರ ಹೋದರೆ ಕೈಯಿಂದ ಮಾಡಿದ ವಸ್ತುವಿನ ಮೈ.

ಒಳಗೆ ಇನ್ನೊಂದು ಕಥೆ. ಆ ದೇಶದಲ್ಲಿ 1965ರಿಂದ ಒಂದು ಸರ್ಕಾರಿ ನಿಯಮ ಇತ್ತು: ಸಾರ್ವಜನಿಕ ಕಟ್ಟಡ ಕಟ್ಟಿದರೆ ವೆಚ್ಚದ ಒಂದು ಸಣ್ಣ ಪಾಲು, 1ರಿಂದ 4 ಪರ್ಸೆಂಟ್, ಕಲಾಕೃತಿಗೆ ಹೋಗಬೇಕು. 1968ರ ನಂತರ ಎಷ್ಟೋ ಒಳ್ಳೇ ಕಲಾವಿದರಿಗೆ ಪ್ರದರ್ಶನ ಮಾಡೋ ದಾರಿ ಮುಚ್ಚಿತು. ಆದ್ರೆ ಕಟ್ಟಡಕ್ಕೆ ದೀಪ ಬೇಕಲ್ಲ? ಗೋಡೆಗೆ ಏನಾದ್ರೂ ಬೇಕಲ್ಲ? ಗ್ಯಾಲರಿಯಲ್ಲಿ ಜಾಗ ಇಲ್ಲದವರಿಗೆ ಹೋಟೆಲ್ ಲಾಬಿ, ಮೆಟ್ರೋ ಸ್ಟೇಷನ್, ಆಸ್ಪತ್ರೆ ಗೋಡೆ ಅನ್ನ ಹಾಕಿದವು. ಈ ಹೋಟೆಲ್‌ನ ತೂಗುದೀಪಗಳನ್ನ ಮಾಡಿದ್ದು ರೆನೆ ರೋಬಿಚೆಕ್. 1958ರ ಬ್ರಸೆಲ್ಸ್ ವಿಶ್ವಮೇಳದಲ್ಲಿ ಗಾಜಿನ ಕೆಲಸಕ್ಕೆ ಗ್ರಾಂಡ್ ಪ್ರಿ ಗೆದ್ದ ಮನುಷ್ಯ. ಅಂದ್ರೆ ದೇಶದ ಅತ್ಯುತ್ತಮ ಗಾಜಿನ ಕಲೆ ಇದ್ದದ್ದು ವಿದೇಶಿ ಅತಿಥಿಗಳು ಚೆಕ್-ಇನ್ ಮಾಡೋ ಜಾಗದಲ್ಲಿ.

1989ರಲ್ಲಿ ಆ ಸರ್ಕಾರ ಬಿತ್ತು. 1992ರಲ್ಲಿ ಪ್ರಾಗ್‌ನ ಐತಿಹಾಸಿಕ ಕೇಂದ್ರ ಯುನೆಸ್ಕೋ ಪಟ್ಟಿ ಸೇರ್ತು. ಈಗ ಜಗತ್ತೇ ಬಂದು ಗೋಪುರ ನೋಡ್ತಾ ಇದೆ, ಹೋಟೆಲ್ ಮಾತ್ರ ಕಮ್ಯುನಿಸ್ಟರ ಕಾಲದ ಮುಜುಗರದ ನೆಂಟನ ಥರ. ತೊಂಬತ್ತರ ದಶಕದಲ್ಲಿ ಒಳಾಂಗಣಕ್ಕೆ 'ಕ್ಲಾಸಿಕ್' ಲುಕ್ ಕೊಡೋ ರಿಪೇರಿಗಳಾದವು. ನನ್ನ ಅಭಿಪ್ರಾಯ ಕೇಳಿದರೆ, ಕಟ್ಟಡಕ್ಕೆ ಅತಿ ಹೆಚ್ಚು ಪೆಟ್ಟು ಕೊಡೋದು ಇಂಥ ಅರ್ಧಂಬರ್ಧ ರಿಪೇರಿ. ಕೆಡವೋದಾದ್ರೂ ಪ್ರಾಮಾಣಿಕ ಕೆಲಸ.

ನಡುವೆ ಒಂದು ಮಜಾ ಸಂಗತಿ. 1996ರ ಸೆಪ್ಟೆಂಬರ್‌ನಲ್ಲಿ ಮೈಕಲ್ ಜಾಕ್ಸನ್ ತನ್ನ ವಿಶ್ವ ಪ್ರವಾಸದ ಮೊದಲ ಶೋಗೆ ಪ್ರಾಗ್‌ಗೆ ಬಂದಾಗ ಉಳ್ಕೊಂಡಿದ್ದು ಇಲ್ಲೇ. ನದಿಯಾಚೆ ಲೆಟ್ನಾ ಗುಡ್ಡದ ಮೇಲೆ ಅವನ ದೈತ್ಯ ಪ್ರತಿಮೆ ನಿಲ್ಲಿಸಿದ್ರು. ಯಾವ ಕಟ್ಟೆ ಮೇಲೆ ಗೊತ್ತಾ? 1955ರಲ್ಲಿ ಸ್ಟಾಲಿನ್ ಪ್ರತಿಮೆ ನಿಲ್ಲಿಸಿ, 1962ರಲ್ಲಿ ಅವರೇ ಸ್ಫೋಟಿಸಿ ಕೆಡವಿದ್ದರಲ್ಲ, ಅದೇ ಕಟ್ಟೆ ಮೇಲೆ. ಕಾಫ್ಕಾ ಮನೆಯಿಂದ ಕಾಣತಿದ್ದ ಸೇತುವೆ ದಾಟಿದರೆ ಸಿಗೋದು ಆ ಗುಡ್ಡವೇ.

ಸರಿ, ಈಗ ಅಸಲು ವಿಷಯ. ಇಂಥ ಹೋಟೆಲ್ ಮುದುಕಾದಾಗ ಏನು ಮಾಡಬೇಕು?

ಒಂದು ಉತ್ತರ ಅದೇ ಊರಲ್ಲಿ ಸಿಕ್ಕಿಬಿಟ್ಟಿತ್ತು. ಪ್ರಾಗ್‌ನ ಡೇವಿಟ್ಸೆ ಅನ್ನೋ ಭಾಗದಲ್ಲಿ 'ಹೋಟೆಲ್ ಪ್ರಾಹಾ' ಅಂತ ಇತ್ತು. ಕಮ್ಯುನಿಸ್ಟ್ ಪಕ್ಷದ ಗಣ್ಯ ಅತಿಥಿಗಳಿಗಾಗಿ 1981ರಲ್ಲಿ ತೆರೆದದ್ದು. ಇಳಿಜಾರಿಗೆ ಒರಗಿಕೊಂಡ ಬಾಗಿದ ಕಟ್ಟಡ, ಒಳಗೆ ದೀಪ, ಕುರ್ಚಿ, ಹಿಡಿಕೆ ಎಲ್ಲವೂ ಆ ಕಟ್ಟಡಕ್ಕೆಂದೇ ಮಾಡಿಸಿದ್ದು. ವಾಸ್ತುಶಿಲ್ಪಿಗಳು, ವಿದ್ಯಾರ್ಥಿಗಳು ಉಳಿಸಿ ಅಂತ ಕೇಳಿಕೊಂಡರು. 2014ರಲ್ಲಿ ಕೆಡವಿದರು. ವಯಸ್ಸು 33. ನನಗಿಂತ ನಾಲ್ಕೈದು ವರ್ಷ ದೊಡ್ಡದು ಅಷ್ಟೇ.

ಇಲ್ಲಿ ನನ್ನ ಬಿ.ಕಾಂ. ಪುಸ್ತಕ ತೆಗೀಬೇಕು. ನಮ್ಮ ಕಂಪನಿ ಕಾಯ್ದೆಯಲ್ಲಿ ಎರಡನೇ ಶೆಡ್ಯೂಲ್ ಅಂತ ಇದೆ. ಯಾವ ಆಸ್ತಿ ಎಷ್ಟು ವರ್ಷ ಬಾಳತ್ತೆ ಅಂತ ಲೆಕ್ಕಕ್ಕೆ ಹಿಡಿಯೋ ಪಟ್ಟಿ. ಕಾರ್ಖಾನೆ ಅಲ್ಲದ ಆರ್‌ಸಿಸಿ ಕಟ್ಟಡಕ್ಕೆ 60 ವರ್ಷ. ಎಲೆಕ್ಟ್ರಿಕಲ್ ವ್ಯವಸ್ಥೆಗೆ 10. ಹೋಟೆಲ್‌ನಲ್ಲಿ ಬಳಸೋ ಪೀಠೋಪಕರಣಕ್ಕೆ 8. ವರ್ಷವರ್ಷವೂ ಸವಕಳಿ, ಅಂದ್ರೆ ಡಿಪ್ರಿಸಿಯೇಷನ್, ಕಳೀತಾ ಹೋದರೆ ಕೊನೆಗೆ ಪುಸ್ತಕದಲ್ಲಿ ಉಳಿಯೋದು ಸಾಮಾನ್ಯವಾಗಿ 5 ಪರ್ಸೆಂಟ್ ಒಳಗೆ. ಪ್ರಾಗ್‌ಗೆ ನಮ್ಮ ಕಾಯ್ದೆ ಅನ್ವಯ ಆಗಲ್ಲ, ಗೊತ್ತು. ಆದ್ರೆ ಲೆಕ್ಕದ ಬುದ್ಧಿ ಎಲ್ಲ ಕಡೆ ಒಂದೇ. ಈ ಪಟ್ಟಿ ಹಿಡಿದು ನೋಡಿದರೆ ರೋಬಿಚೆಕ್ ಮಾಡಿದ ತೂಗುದೀಪ 1982ಕ್ಕೆ ಗುಜರಿ.

ಜಾಗಕ್ಕೆ? ಜಾಗಕ್ಕೆ ಸವಕಳಿ ಇಲ್ಲ. ಲೆಕ್ಕದ ಪುಸ್ತಕದಲ್ಲಿ ಯಾವತ್ತೂ ಮುಪ್ಪಾಗದ ಒಂದೇ ಆಸ್ತಿ ಅದು. ಹಾಗಾಗಿ ಪ್ರತಿ ವರ್ಷ ಕಟ್ಟಡದ ಬೆಲೆ ಕೆಳಗೆ, ಜಾಗದ ಬೆಲೆ ಮಾರುಕಟ್ಟೆಯಲ್ಲಿ ಮೇಲೆ. ಒಂದು ದಿನ ಮಾಲೀಕನಿಗೆ ಕಟ್ಟಡ ಅನ್ನೋದು ತನ್ನ ಜಾಗದ ಮೇಲೆ ಬಿದ್ದಿರೋ ಕಸದ ಥರ ಕಾಣತ್ತೆ. ಮಾವ ಹೇಳಿದ್ದನ್ನ ನಮ್ಮ ಲೆಕ್ಚರರ್ ಮೂರು ಯೂನಿಟ್‌ನಲ್ಲಿ ಹೇಳಿದ್ರು. ಯೋಸೆಫೋವ್ ಕೆಡವಿದವರೂ 'ಆರೋಗ್ಯ' ಅಂತ ಬರೆದು ಕೂಡಿಸಿದ್ದು ಇದೇ ಲೆಕ್ಕ.

ಪ್ಯಾರಿಸ್ ರಸ್ತೆ ಈಗ ಲಕ್ಷುರಿ ಬ್ರ್ಯಾಂಡ್‌ಗಳ ಅಂಗಡಿ ಸಾಲು. ಪ್ರಾಗ್‌ನಲ್ಲಿ ಅದಕ್ಕಿಂತ ದುಬಾರಿ ವಿಳಾಸ ಹುಡುಕೋದು ಕಷ್ಟ. ಅಲ್ಲಿ ಈ ಹೋಟೆಲ್ 2019ರ ಹೊತ್ತಿಗೆ ಹೊಸ ಮಾಲೀಕರ ಕೈಗೆ ಬಂತು. ಯಾರು ಅಂದ್ರೆ, ನಿಮ್ಮ ಮನೆಯ ಹಳೇ ಕಂಪ್ಯೂಟರಿನಲ್ಲಿ ಕಿತ್ತಳೆ ಬಣ್ಣದ ಅವಾಸ್ಟ್ ಆಂಟಿವೈರಸ್ ಇತ್ತಾ? ಅದನ್ನ ಶುರು ಮಾಡಿದ ಪಾವೆಲ್ ಬೌಡಿಶ್, ಎಡುಆರ್ಡ್ ಕುಚೆರಾ, ಜೊತೆಗೆ ಓಲ್ಡ್ರಿಖ್ ಶ್ಲೆಮರ್. ಇವರ ಹೂಡಿಕೆ ಸಂಸ್ಥೆ ಆರ್‌2ಜಿ ಅದನ್ನ ಕೊಂಡುಕೊಂಡಿತು. ನಾವು 'ರಿಮೈಂಡ್ ಮಿ ಲೇಟರ್' ಒತ್ತಿ ಒತ್ತಿ ಬಿಟ್ಟ ಆಂಟಿವೈರಸ್‌ನ ದುಡ್ಡು ಹೋಗಿ ಕಾಂಕ್ರೀಟ್ ಹೋಟೆಲ್ ಆಯ್ತು ಅನ್ನೋದು ನನಗೆ ಈಗಲೂ ನಗು ತರಿಸತ್ತೆ.

ಅವರು ಕೆಡವಲಿಲ್ಲ. ಮಾರೆಕ್ ಟಿಹಿ ಅನ್ನೋ ವಾಸ್ತುಶಿಲ್ಪಿಯ ಟಾಕ್ ಸಂಸ್ಥೆಗೆ ಕೆಲಸ ಒಪ್ಪಿಸಿದ್ರು.

ಇಂಥ ಹೋಟೆಲ್ ರಿಪೇರಿ ಅಂದ್ರೆ ಪೇಂಟು, ಹೊಸ ಪರದೆ ಅಂದ್ಕೋಬೇಡಿ. ಐವತ್ತು ವರ್ಷದ ಹೋಟೆಲ್‌ನಲ್ಲಿ ಮೊದಲು ಸಾಯೋದು ಕಣ್ಣಿಗೆ ಕಾಣದ ಭಾಗಗಳು. ರೂಮುಗಳ ಬಾತ್‌ರೂಮ್‌ಗಳು ಬೆನ್ನಿಗೆ ಬೆನ್ನು ಕೊಟ್ಟು, ಮಹಡಿ ಮೇಲೆ ಮಹಡಿ ಒಂದೇ ಸಾಲಿನಲ್ಲಿರ್ತವೆ, ನಡುವೆ ಪೈಪು ಇಳಿಯೋ ಒಂದು ಕಿರಿದಾದ ಓಣಿ. ಒಂದು ಪೈಪು ತುಕ್ಕು ಹಿಡಿದು ಸೋರಿದರೆ ಒಂದು ರೂಮು ಮುಚ್ಚಿದರೆ ಸಾಲದು, ಆ ಸಾಲಿನ ಎಲ್ಲ ರೂಮೂ ಮುಚ್ಚಬೇಕು. ಮಹಡಿಯ ಎತ್ತರ ಆ ಕಾಲದ ಲೆಕ್ಕದ್ದು. ಇವತ್ತಿನ ಎಸಿ ಡಕ್ಟ್, ಬೆಂಕಿ ನಂದಿಸೋ ಸ್ಪ್ರಿಂಕ್ಲರ್, ಕೇಬಲ್ ಎಲ್ಲ ಸೀಲಿಂಗ್ ಕೆಳಗೆ ತೂರಿಸಿದರೆ ಅತಿಥಿಯ ತಲೆ ಮುಟ್ಟತ್ತೆ. ಅದಕ್ಕೇ ಹೊಸದಾಗಿ ಕಟ್ಟೋದು ಸುಲಭ ಅಂತ ಎಂಜಿನಿಯರ್‌ಗಳು ಹೇಳೋದು. ಅವರು ಹೇಳೋದು ಸುಳ್ಳೇನಲ್ಲ.

ರೂಮಿನ ಅಳತೆ ಇನ್ನೊಂದು ತಲೆನೋವು. ಎಪ್ಪತ್ತರ ದಶಕದ ಲಕ್ಷುರಿ ರೂಮು ಇವತ್ತಿನ ಅತಿಥಿಗೆ ಇಕ್ಕಟ್ಟು. ಹಳೇ ಹೋಟೆಲ್‌ನಲ್ಲಿ 372 ರೂಮು ಇದ್ದವು, ಈಗ 320. ಅಂದ್ರೆ ದಿನಾ ಮಾರಬಹುದಾದ 52 ರೂಮು ಹೋಯ್ತು. ಉಳಿದವುಗಳ ಬಾಡಿಗೆ ಅದನ್ನ ತುಂಬಿಕೊಡಬೇಕು. ಹಾಗಾಗಿ ಹಳೇ ಹೋಟೆಲ್ ಉಳಿಸಿದ ಮೇಲೆ ಅದು ಅಗ್ಗದ ಹೋಟೆಲ್ ಆಗಿ ಉಳಿಯೋದು ತೀರಾ ಅಪರೂಪ. ಇದನ್ನ ನಾನು ಮುಚ್ಚಿಡಲ್ಲ. ಆಗ ರೂಮಿಗೆ ಡಾಲರ್ ಬೇಕಿತ್ತು, ಈಗ ತುಂಬಾ ಡಾಲರ್ ಬೇಕು.

ಕೋವಿಡ್ ವರ್ಷಗಳಲ್ಲಿ ಮುಚ್ಚಿದ್ದ ಹೋಟೆಲ್ 2025ರಲ್ಲಿ ಬಾಗಿಲು ತೆರೀತು, 'ಫೇರ್‌ಮಾಂಟ್ ಗೋಲ್ಡನ್ ಪ್ರಾಗ್' ಅನ್ನೋ ಹೆಸರಲ್ಲಿ. 'ಗೋಲ್ಡನ್ ಪ್ರಾಗ್' ಹೊಸದಲ್ಲ, ಹಳೇ ಹೋಟೆಲ್‌ನ ಮೇಲ್ಮಹಡಿ ರೆಸ್ಟೋರೆಂಟ್ ಹೆಸರೇ 'ಝ್ಲಾತಾ ಪ್ರಾಹಾ', ಚಿನ್ನದ ಪ್ರಾಗ್. ಕಾಂಕ್ರೀಟು, ಸೆರಾಮಿಕ್ ಮುಖ ಹಾಗೇ ಉಳಿಸಿಕೊಂಡರು. ತೊಂಬತ್ತರ ದಶಕದ 'ಕ್ಲಾಸಿಕ್' ಪದರ ಕಿತ್ತರು. ಆ ಗಾಜಿನ ದೀಪಗಳನ್ನ ಬಿಚ್ಚಿ, ರಿಪೇರಿ ಮಾಡಿ, ಮತ್ತೆ ತೂಗುಹಾಕಿದ್ರು. ಎಂಟು ವರ್ಷಕ್ಕೆ ಸಾಯಬೇಕಿದ್ದ ದೀಪ ಐವತ್ತು ದಾಟಿ ಉರೀತಾ ಇದೆ. ರೋಬಿಚೆಕ್ 2018ರಲ್ಲಿ ತೀರಿಕೊಂಡರು, ಅದನ್ನ ನೋಡಲಿಲ್ಲ.

ಎಲ್ಲರೂ ಚಪ್ಪಾಳೆ ತಟ್ಟಲಿಲ್ಲ ಅನ್ನೋದೂ ಹೇಳಬೇಕು. ಹೋಟೆಲ್ ಸುತ್ತ ಹೊಸ ಕಟ್ಟಡ ಸೇರಿಸೋ ಯೋಜನೆಗೆ ಅಲ್ಲಿನ ನಿವಾಸಿಗಳಿಂದ ಜೋರು ವಿರೋಧ ಬಂತು. ನಮ್ಮ ಬಯಲು ಜಾಗ ತಿಂತೀರಿ ಅಂತ. ಅವರ ಸಿಟ್ಟು ನನಗೆ ಅರ್ಥ ಆಗತ್ತೆ. ಹಳೇ ಕಟ್ಟಡ ಉಳಿಸಿದ ಖರ್ಚನ್ನ ಮಾಲೀಕ ಪಕ್ಕದ ಜಾಗದಿಂದ ಹುಟ್ಟಿಸಿಕೊಳ್ಳೋಕೆ ನೋಡ್ತಾನೆ. ಜಾಗ ಯಾವತ್ತೂ ಸುಮ್ಮನೆ ಕೂರಲ್ಲ.

ಒಂದು ವಿಷಯ ಮಾತ್ರ ನನ್ನನ್ನ ಬಿಡ್ತಾ ಇಲ್ಲ. ಈ ಹೋಟೆಲ್ ಉಳಿಸಬೇಕು ಅಂದವರಲ್ಲಿ ಎಷ್ಟೋ ಜನ 1974ರ ನಂತರ ಹುಟ್ಟಿದವರು. ಕಟ್ಟುವಾಗ ಅನುಭವಿಸಿದವರಿಗೆ ಅದು ಆ ಸರ್ಕಾರದ ಮುಖ. ಆಮೇಲೆ ಹುಟ್ಟಿದವರಿಗೆ ಅದು ಒಂದು ಕಟ್ಟಡ. 1893ರಲ್ಲಿ ಯೋಸೆಫೋವ್ ಅನ್ನ ಯಾರಾದ್ರೂ ಇನ್ನೊಂದು ಐವತ್ತು ವರ್ಷ ತಳ್ಳಿದ್ದಿದ್ರೆ ಆ ಗಲ್ಲಿಗಳಲ್ಲಿ ಪೈಪು ಹಾಕಿ, ಚರಂಡಿ ಮಾಡಿ, ಜನರನ್ನೂ ಉಳಿಸಿಕೊಳ್ಳಬಹುದಿತ್ತಾ? ಅಥವಾ 1939ರಲ್ಲಿ ಬಂದ ನಾಜಿಗಳು ಅಲ್ಲಿ ಉಳಿದಿದ್ದ ಯಹೂದಿಗಳಿಗೆ ಏನು ಮಾಡ್ತಿದ್ರು ಅಂತ ಗೊತ್ತಿರೋ ನಾವು ಹೀಗೆ ಕೇಳೋದೇ ತಪ್ಪಾ? ಈ ಎಪಿಸೋಡ್ ಬರೀತಾ ಎರಡು ರಾತ್ರಿ ಇದೇ ಯೋಚನೆ. ಉತ್ತರ ಸಿಗಲಿಲ್ಲ, ಹಾಗೇ ಬಿಟ್ಟಿದ್ದೀನಿ.

ಮಾವನಿಗೆ ಹೋದ ವಾರ ಆ ತೂಗುದೀಪದ ಫೋಟೋ ವಾಟ್ಸಾಪ್‌ನಲ್ಲಿ ಕಳಿಸಿದ್ದೆ. ದೀಪದ ಬಗ್ಗೆ ಅವರೇನೂ ಹೇಳಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಅವರಿಂದ ಒಂದು ಫೋಟೋ ಬಂತು. ಹಿತ್ತಾಳೆ ಬಿಲ್ಲೆ, ಅದರ ಮೇಲೆ 207 ಅಂತ ಕೊರೆದಿದೆ, ತುದಿಯಲ್ಲಿ ಬೀಗದ ಕೈ. ಲಾಡ್ಜ್ ಕೆಡವೋ ದಿನ ಜೇಬಿಗೆ ಹಾಕಿಕೊಂಡಿದ್ರಂತೆ.

ನಿಮ್ಮ ಊರಿನ ಬಸ್‌ಸ್ಟ್ಯಾಂಡ್ ಹತ್ರ ಇಂಥದ್ದೊಂದು ಹಳೇ ಲಾಡ್ಜ್ ಇನ್ನೂ ನಿಂತಿದ್ರೆ ಒಂದು ವಾಯ್ಸ್ ನೋಟ್ ಕಳಿಸಿ. ನೆಲ ಹೇಗಿದೆ, ಮೆಟ್ಟಿಲ ಕಂಬಿ ಹೇಗಿದೆ, ಕೌಂಟರ್‌ನಲ್ಲಿ ಯಾರು ಕೂತಿರ್ತಾರೆ, ಅಷ್ಟು ಹೇಳಿದ್ರೆ ಸಾಕು. ಮುಂದಿನ ವಾರ ಸಿಗೋಣ.